ಹದಿನೆಂಟು ದಿನದ ಮೊಟ್ಟೆ

ಜೇನಿನ ಮದ್ಯದ ಚರಿತ್ರೆಯನ್ನು ಓದಲು ಕುಳಿತರೆ ಮೊದಲು ಎದುರಾಗುವವರು ರಾಜರು. ಅವರ ಹಿಂದೆ ದೇವತೆಗಳು. ಇಬ್ಬರ ಹಿಂದೆ, ಇಬ್ಬರನ್ನೂ ಹೊಗಳಿ ಹೊಟ್ಟೆ ಹೊರೆದ ಆಸ್ಥಾನದವರು. ಉದ್ದನೆಯ ಮೇಜು, ಕೊಂಬಿನ ಬಟ್ಟಲು, ಗೆದ್ದು ಬಂದ ಸೈನಿಕರ ಗದ್ದಲ. ಒಂಬತ್ತು ಸಾವಿರ ವರ್ಷ ಹಳೆಯ ಮಡಕೆಯ ಚೂರುಗಳಲ್ಲಿ ಅಕ್ಕಿ, ಹಣ್ಣು, ಜೇನು ಒಟ್ಟಿಗೆ ಹುದುಗಿದ ಗುರುತು ಸಿಕ್ಕಿದೆ ಎಂದು ಪಂಡಿತರು ಬೀಗುತ್ತಾರೆ. ಬೀಗಲಿ. ಯಾವಳೋ ಒಬ್ಬಳು ಆ ದಿನ ಮಡಕೆಯನ್ನು ನೆಟ್ಟಗೆ ತೊಳೆಯದೆ ಬಿಟ್ಟಿದ್ದಕ್ಕೇ ಆ ಗುರುತು ಉಳಿದಿರಬೇಕು. ಅವಳ ಬಗ್ಗೆ ಒಂದು ಸಾಲೂ ಇಲ್ಲ.

ನಾನು ಹೇಳಹೊರಟಿರುವುದು ತೊಳೆಯುವವಳೊಬ್ಬಳ ಕತೆ. ಕೂಲಿ ಮಾಡುವವಳು ಎಂದ ಕೂಡಲೇ ಅವಳನ್ನು ದೇವತೆ ಮಾಡಿ, ಎರಡು ಹನಿ ಕಣ್ಣೀರು ಹಾಕಿ, ತಾವು ಪುಣ್ಯ ಕಟ್ಟಿಕೊಳ್ಳುವ ಬರಹಗಾರರು ಬೇಕಾದಷ್ಟಿದ್ದಾರೆ. ಆ ಸಾಲಿನಲ್ಲಿ ನನಗೆ ಜಾಗ ಬೇಡ. ಈಕೆ ಒಂದು ದೊಡ್ಡ ತಪ್ಪು ಮಾಡಿದವಳು. ಮಾಡಿದ್ದು ಹೊಟ್ಟೆಕಿಚ್ಚಿನಿಂದ. ಅವಳನ್ನು ಬೀದಿಯವರೆಲ್ಲ ಕರೆಯುವುದು ಕೋಳಿಯಮ್ಮ ಎಂದು. ಹಿತ್ತಲಲ್ಲಿ ಯಾವಾಗಲೂ ಏಳೆಂಟು ಕೋಳಿ. ಈಗ ವಯಸ್ಸು ಎಪ್ಪತ್ತನಾಲ್ಕು. ನಾಲಿಗೆಗೆ ಮಾತ್ರ ಇನ್ನೂ ಇಪ್ಪತ್ತು.

ಅವಳು ಮದುವೆಯಾಗಿ ಬಂದ ಮನೆಯ ಎದುರಿಗೇ ಮೇಣದ ಕಾರ್ಖಾನೆ. ಎರಡು ಅಂತಸ್ತಿನ ಹಳೆಯ ಕಟ್ಟಡ, ಕೆಳಗೊಂದು ನೆಲಮಾಳಿಗೆ. ಜೇನು ಬಸಿದಾದ ಮೇಲೆ ಉಳಿದ ಎರಿಗಳು ಬುಟ್ಟಿಗಟ್ಟಲೆ ಅಲ್ಲಿಗೆ ಬರುತ್ತಿದ್ದವು. ಕೆಳಗಿನ ಅಂಗಣದಲ್ಲಿ ಸಾಲಾಗಿ ಆರು ಕಲ್ಲಿನ ತೊಟ್ಟಿ, ತೊಟ್ಟಿಗಿಬ್ಬರು ಹೆಂಗಸರು. ಬಿಸಿನೀರಿನಲ್ಲಿ ಎರಿಯನ್ನು ಮುರಿದು, ಹಿಸುಕಿ, ತೊಳೆಯಬೇಕು. ಮೇಣ ಮೇಲೆ ತೇಲಿ ಮೇಣದಬತ್ತಿಯ ಕೋಣೆಗೆ ಹೋಗುತ್ತಿತ್ತು. ಎರಿಗೆ ಅಂಟಿಕೊಂಡಿದ್ದ ಜೇನು ನೀರಿಗಿಳಿದು, ಆ ಸಿಹಿ ನೀರು ಮಣ್ಣಿನ ಕೊಳವೆಯಲ್ಲಿ ನೆಲಮಾಳಿಗೆಯ ಹಂಡೆಗೆ ಬೀಳುತ್ತಿತ್ತು. ಅಂಗಣದ ನೆಲಕ್ಕೆ ಕಾಲಿಟ್ಟರೆ ಚಪ್ಪಲಿ ಅಲ್ಲೇ, ಕಾಲು ಮಾತ್ರ ಮುಂದೆ. ಕಿಟಕಿಯಲ್ಲಿ ಕಣಜಗಳ ಸಂತೆ. ಕೈ ಮೊಣಕೈವರೆಗೆ ಸದಾ ಒದ್ದೆ. ಚಳಿಗಾಲದಲ್ಲಿ ಬೆರಳ ಸಂದಿಯ ಚರ್ಮ ಒಡೆದು, ಆ ಒಡಕಿಗೆ ಜೇನುನೀರು ನುಗ್ಗಿದರೆ ಸಿಹಿಯೂ ಉರಿಯುತ್ತದೆ ಎಂದು ಗೊತ್ತಾಗುತ್ತಿತ್ತು.

ಚರಿತ್ರೆಯ ಪುಸ್ತಕಗಳು ಒಂದು ವಿಷಯವನ್ನು ಮೂಲೆಯಲ್ಲಿ, ಸಣ್ಣಕ್ಷರದಲ್ಲಿ ಒಪ್ಪಿಕೊಳ್ಳುತ್ತವೆ. ಎಷ್ಟೋ ಕಡೆ ಜೇನಿನ ಮದ್ಯ ಉಳಿದದ್ದು ಮೇಣದ ಹಂಗಿನಲ್ಲಿ. ದೀಪಕ್ಕೆ ಮೇಣ ಬೇಕಿತ್ತು, ಮೇಣ ತೊಳೆದ ನೀರನ್ನು ಚೆಲ್ಲಲು ಮನಸ್ಸು ಬರಲಿಲ್ಲ. ಶುದ್ಧ ಜೇನು ಎಷ್ಟು ವರ್ಷ ಇಟ್ಟರೂ ಕೆಡುವುದಿಲ್ಲ. ಅದಕ್ಕೆ ನೀರು ಸೇರಿತೋ, ನೊರೆಯೇಳಲು ಶುರು. ಹಾಗಾಗಿ ಈ ರಾಜಪೇಯ, ದೇವಪೇಯ ಎಲ್ಲದರ ಬುಡದಲ್ಲಿ ಎಷ್ಟೋ ಸಲ ಇರುವುದು ತೊಳೆದ ನೀರು. ಆಮೇಲೆ ಬಾರ್ಲಿಯ ಬಿಯರ್ ಅಗ್ಗವಾಯಿತು, ದ್ರಾಕ್ಷಿಯ ವೈನು ಹಡಗು ಹತ್ತಿತು, ಸಕ್ಕರೆ ಬಂತು, ದೀಪಕ್ಕೆ ಬೇರೆ ಎಣ್ಣೆ ಬಂತು. ಜೇನುಹೆಂಡ ಮೂಲೆ ಸೇರಿತು. ಇಂಥ ಕೆಲವು ಕಾರ್ಖಾನೆಗಳ ನೆಲಮಾಳಿಗೆಯಲ್ಲಿ ಮಾತ್ರ ಉಸಿರಾಡುತ್ತಿತ್ತು.

ಆ ನೆಲಮಾಳಿಗೆಯ ರಾಣಿ ಕೋಳಿಯಮ್ಮನ ಅತ್ತೆ. ಅವಳ ಕೆಲಸಕ್ಕೆ ಮೊಟ್ಟೆ ಹಿಡಿಯುವುದು ಎಂದು ಹೆಸರು. ಕೊಳವೆಯಿಂದ ಬರುವ ನೀರಿನಲ್ಲಿ ಎಷ್ಟು ಜೇನಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಒಂದು ದಿನ ದಪ್ಪ, ಒಂದು ದಿನ ತೆಳು. ಆದ್ದರಿಂದ ಅಂದು ಬೆಳಿಗ್ಗೆ ಇಟ್ಟ ಕೋಳಿಮೊಟ್ಟೆಯನ್ನು ಹಂಡೆಗೆ ಬಿಡುತ್ತಾರೆ. ಮುಳುಗಿದರೆ ಜೇನು ಸಾಲದು. ಒಂದೊಂದೇ ಕೊಡ ಜೇನು ಸುರಿದು ಕಲಕುತ್ತ ಹೋದ ಹಾಗೆ ಮೊಟ್ಟೆ ಮೆಲ್ಲಗೆ ಮೇಲೇಳುತ್ತದೆ. ನೀರಿನ ಮೇಲೆ ಅದರ ನೆತ್ತಿ ಒಂದು ನಾಣ್ಯದಷ್ಟಗಲ ಕಂಡಿತೋ, "ಸಾಕು" ಎನ್ನಬೇಕು. ಆ ಒಂದು ಮಾತು ಹೇಳುವ ಹಕ್ಕು ಇಡೀ ಕಾರ್ಖಾನೆಯಲ್ಲಿ ಒಬ್ಬಳಿಗೇ. ಯಜಮಾನನೂ ಬಾಯಿ ಹಾಕುವಂತಿಲ್ಲ. ಅವಳಿಗೆ ಕೂರಲು ಎತ್ತರದ ಸ್ಟೂಲು, ಒಣಗಿದ ನೆಲ, ಸೊಂಟದಲ್ಲಿ ಬೀಗದ ಕೈ. ಪೀಪಾಯಿ ಉರುಳಿಸುವ ಗಂಡಸರು ಅವಳು ಮೆಟ್ಟಿಲಿಳಿದು ಬಂದರೆ ಬೀಡಿ ಆರಿಸುತ್ತಿದ್ದರು.

ಅತ್ತೆಯ ಕಣ್ಣಿಗೆ ಪೊರೆ ಬಂತು. ನಾಣ್ಯದಗಲವೂ ತಟ್ಟೆಯಗಲವೂ ಅವಳಿಗೆ ಒಂದೇ ಆಯಿತು. ಆಗ ಕೋಳಿಯಮ್ಮ ಹತ್ತೊಂಬತ್ತು ವರ್ಷ ತೊಟ್ಟಿಯಲ್ಲಿ ಕೈ ನೆನೆಸಿದ್ದಳು. ಹಿರಿಯ ಸೊಸೆ. ಸ್ಟೂಲು ತನ್ನದೇ ಎಂಬುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ಅವಳು ಆಗಲೇ ನೆಲಮಾಳಿಗೆಯ ಮೆಟ್ಟಿಲು ಎಷ್ಟಿವೆ ಎಂದು ಎಣಿಸಿ ಇಟ್ಟುಕೊಂಡಿದ್ದಳು. ಹದಿಮೂರು.

ಅತ್ತೆ ಬೀಗದ ಕೈಯನ್ನು ಕೊಟ್ಟದ್ದು ಕಿರಿಯ ಸೊಸೆಗೆ. ಬಂದು ಆರು ವರ್ಷ ಆಗಿತ್ತಷ್ಟೆ. ಮಾತಿಗೊಮ್ಮೆ ನಗುವ ಹೆಂಗಸು. ಎರಿ ಹಿಸುಕುವಾಗಲೂ ಪಕ್ಕದವಳ ಜೊತೆ ಏನಾದರೊಂದು ಕೀಟಲೆ.

"ಯಾಕತ್ತೆ?" ಕೋಳಿಯಮ್ಮ ಒಲೆಯ ಮುಂದೆ ನಿಂತು ಕೇಳಿದಳು. "ನನ್ನ ಕೈಯಲ್ಲಿ ಏನು ಕಮ್ಮಿಯಾಗಿತ್ತು?"

"ನಿನ್ನ ಕೈ ಚೆನ್ನಾಗೇ ಇದೆ ಕಣೆ. ಕಣ್ಣು ಸರಿಯಿಲ್ಲ."

"ಕಣ್ಣು ಹೋಗಿರೋದು ನಿಮಗೆ!"

"ನನಗೆ ಈಗ ಹೋಗಿದೆ. ನೀನು ಬಂದಾಗಿಂದ ನೋಡ್ತಿದೀನಿ, ನಿನ್ನ ಕಣ್ಣು ಯಾವಾಗ್ಲೂ ಪಕ್ಕದ ತೊಟ್ಟಿ ಮೇಲೆ. ಅವಳು ಎಷ್ಟು ತೊಳೆದ್ಲು, ಇವಳಿಗೆ ಯಾರು ಬಿಸಿನೀರು ಹಾಕಿದ್ರು. ಮೊಟ್ಟೆ ಹಿಡಿಯೋಳು ಮೊಟ್ಟೆ ನೋಡ್ಬೇಕು."

ಕೋಳಿಯಮ್ಮ ಆ ಮಾತನ್ನು ನನಗೆ ಹೇಳಿದ್ದು ಮೂವತ್ತೈದು ವರ್ಷ ಕಳೆದ ಮೇಲೆ. ಹೇಳುವಾಗಲೂ ಅವಳ ಕಿವಿ ಕೆಂಪಾಯಿತು. "ಅತ್ತೆ ಹೇಳಿದ್ದು ನಿಜ. ಅದಕ್ಕೇ ಇನ್ನೂ ಉರೀತು" ಎಂದಳು.

ಉರಿ ಹೇಗಿತ್ತು ಎಂದು ಕೇಳಿದೆ. ಅವಳು ಪಟ್ಟಿ ಒಪ್ಪಿಸಿದಳು. ವಾರಗಿತ್ತಿಯ ಕಾಲು ಒಣಗಿರುತ್ತಿತ್ತು. ಅವಳ ಉಗುರಿನ ಕೆಳಗೆ ಮೇಣವಿರಲಿಲ್ಲ. ಮೂರನೇ ತಿಂಗಳಿಗೆ ಬೆರಳಿನ ಒಡಕು ಮಾಗಿ ಕೈ ಮೆತ್ತಗಾಯಿತು. ಬೆಳಿಗ್ಗೆ ಇಬ್ಬರೂ ಒಂದೇ ಬಾಗಿಲಿಂದ ಹೊರಟು, ಒಂದೇ ಬೀದಿ ದಾಟಿ, ಕಾರ್ಖಾನೆಯ ಬಾಗಿಲಲ್ಲಿ ಬೇರೆಯಾಗುತ್ತಿದ್ದರು. ಒಬ್ಬಳು ಒದ್ದೆಗೆ, ಒಬ್ಬಳು ಒಣಗಿದ್ದಕ್ಕೆ. ಇಳಿಯುವ ಮೊದಲು ವಾರಗಿತ್ತಿ ತಿರುಗಿ "ಬರ್ತೀನಕ್ಕಾ" ಎನ್ನುತ್ತಿದ್ದಳು. ಅದೊಂದು ಮಾತಿಗೆ ಕೋಳಿಯಮ್ಮನಿಗೆ ಇಡೀ ದಿನಕ್ಕೆ ಸಾಕಾಗುವಷ್ಟು ಸೌದೆ. ಬೇಕೆಂದೇ ಹಾಗೆ ಅನ್ನುತ್ತಿದ್ದಾಳೆ ಎಂದು ಅವಳ ನಂಬಿಕೆ. ವಾರಗಿತ್ತಿಗೆ ಅದು ಬರೀ ಅಭ್ಯಾಸ.

ಇನ್ನೊಂದು ವಿಷಯ ಅವಳನ್ನು ಒಳಗೊಳಗೇ ತಿಂದಿತು. ಹಂಡೆಗೆ ಬಿಡುವ ಮೊಟ್ಟೆ ಹೋಗುತ್ತಿದ್ದದ್ದು ಅವಳ ಹಿತ್ತಲಿಂದಲೇ. ಮೊಟ್ಟೆ ತಂದುಕೊಡುವುದು ಇವಳು, ಮೆರೆಯುವುದು ಅವಳು.

ಅಲ್ಲೇ ಅವಳಿಗೆ ಹೊಳೆದದ್ದು. ಕೋಳಿ ಸಾಕಿದವರಿಗೆಲ್ಲ ಗೊತ್ತಿರುವ ಸಂಗತಿ: ಮೊಟ್ಟೆ ಹಳೆಯದಾದ ಹಾಗೆ ಒಳಗೆ ಗಾಳಿ ಸೇರಿ ಹಗುರಾಗುತ್ತದೆ. ಇವತ್ತಿನ ಮೊಟ್ಟೆ ಮುಳುಗಿ ತಳ ಸೇರುವ ನೀರಿನಲ್ಲಿ ಹಳೆಯ ಮೊಟ್ಟೆ ನೆತ್ತಿ ತೋರಿಸುತ್ತದೆ. ಹಳೆಯದನ್ನು ಹಂಡೆಗೆ ಬಿಟ್ಟರೆ ಜೇನು ಸಾಲದಿದ್ದರೂ ಅದು ತೇಲಿ ಸುಳ್ಳು ಹೇಳುತ್ತದೆ. "ಸಾಕು" ಎಂದುಬಿಡುತ್ತಾಳೆ ವಾರಗಿತ್ತಿ. ತೆಳು ನೀರು ಪೀಪಾಯಿ ಸೇರಿ, ನಾಲ್ಕು ತಿಂಗಳಲ್ಲಿ ಹುಳಿಯಾಗಿ, ಯಜಮಾನನ ಬಾಯಿಗೆ ಬಿದ್ದರೆ ಸ್ಟೂಲು ಖಾಲಿ.

ಆದರೆ ತೀರಾ ಹಳೆಯದಾದರೆ ಸಾದಾ ನೀರಿನಲ್ಲೂ ತೇಲಿ ಗುಟ್ಟು ಹೊರಬೀಳುತ್ತದೆ. ಎಷ್ಟು ದಿನದ್ದು ಬೇಕು? ಕೋಳಿಯಮ್ಮ ಮೊಟ್ಟೆಗಳ ಮೇಲೆ ಇದ್ದಿಲಿನಿಂದ ಗೆರೆ ಎಳೆದು ದಿನ ಗುರುತಿಸಿದಳು. ಅಡುಗೆಮನೆಯ ಬೇಸಿನ್ನಿನಲ್ಲಿ ಜೇನುನೀರು ಬೆರೆಸಿ ಐದು ದಿನದ್ದು, ಹತ್ತು ದಿನದ್ದು, ಹದಿನೈದು ದಿನದ್ದು ಒಂದೊಂದಾಗಿ ಬಿಟ್ಟು ನೋಡಿದಳು. ಎಷ್ಟು ಮೇಲೇಳುತ್ತದೆ, ಆ ನೀರು ನಾಲಿಗೆಗೆ ಎಷ್ಟು ತೆಳು, ಎಲ್ಲ ಮನಸ್ಸಿನಲ್ಲಿ ಬರೆದುಕೊಂಡಳು. ಒಂದೂವರೆ ತಿಂಗಳು ಇದೇ ಕೆಲಸ. ಪದವಿಯಿದ್ದವನು ಮಾಡಿದ್ದರೆ ಇದನ್ನು ಸಂಶೋಧನೆ ಎನ್ನುತ್ತಿದ್ದರು, ಶಾಲು ಹೊದಿಸುತ್ತಿದ್ದರು. ಅವಳ ಗಂಡ ಮಾತ್ರ "ಮನೆಯಲ್ಲಿ ಇಷ್ಟೊಂದು ಮೊಟ್ಟೆ ಇದ್ರೂ ನನ್ನ ತಟ್ಟೆಗೆ ಒಂದೂ ಇಲ್ವಲ್ಲೇ, ಇವಕ್ಕೆ ಈಜು ಕಲಿಸ್ತಿದೀಯಾ?" ಎಂದು ಗೊಣಗಿ ಮಲಗಿದ.

ಹದಿನೆಂಟು ದಿನ. ಅದು ಅವಳಿಗೆ ಸಿಕ್ಕ ಉತ್ತರ.

ಇಂಥ ಮೋಸಕ್ಕೆ ಹಳಬರ ಬಳಿ ಮದ್ದಿತ್ತು. ಮೊಟ್ಟೆಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಬೇಕು. ಹೊಸದಾದರೆ ಸದ್ದಿಲ್ಲ. ಹಳೆಯದಾದರೆ ಒಳಗೆ ಕುಲುಕುತ್ತದೆ. ಅತ್ತೆ ಮೂವತ್ತು ವರ್ಷದಲ್ಲಿ ಒಂದು ದಿನವೂ ಅಲ್ಲಾಡಿಸದೆ ಬಿಟ್ಟವಳಲ್ಲ. ದೊಡ್ಡ ಹಂಡೆ ತುಂಬುವ ದಿನ ಕೋಳಿಯಮ್ಮ ಗೆರೆ ಒರೆಸಿದ ಮೊಟ್ಟೆಯನ್ನು ಸೆರಗಿನಲ್ಲಿ ಹಿಡಿದು ಹದಿಮೂರು ಮೆಟ್ಟಿಲು ಇಳಿದಾಗ ಅವಳ ಕಣ್ಣೆಲ್ಲ ವಾರಗಿತ್ತಿಯ ಕೈ ಮೇಲಿದ್ದದ್ದು ಅದಕ್ಕೇ.

"ಇವತ್ತಿಂದಾ ಅಕ್ಕಾ?"

"ಹೂಂ. ಇನ್ನೂ ಬೆಚ್ಚಗಿದೆ ನೋಡು."

ಬೆಚ್ಚಗಿದ್ದದ್ದು ಅವಳ ಸೆರಗಿನೊಳಗಿನ ಕಾವಿಗೆ. ವಾರಗಿತ್ತಿ ಅದನ್ನು ಕಿವಿಯ ಬಳಿ ಒಯ್ಯಲಿಲ್ಲ. ಅಕ್ಕ ತಂದದ್ದು, ಅಕ್ಕನೆದುರೇ ಅಲ್ಲಾಡಿಸಿದರೆ ಅನುಮಾನ ಪಟ್ಟ ಹಾಗಾಗುತ್ತದೆ ಎಂದು ಅವಳಿಗೆ ಸಂಕೋಚವಾಯಿತಂತೆ. ಅವಳು ಮಾಡಿದ ತಪ್ಪು ಅಷ್ಟೇ. ಮೊಟ್ಟೆ ಹಂಡೆಗಿಳಿಯಿತು. ನಾಲ್ಕನೇ ಕೊಡಕ್ಕೆ ನೆತ್ತಿ ತೋರಿಸಿತು. "ಸಾಕು" ಎಂದಳು. ಪಕ್ಕದಲ್ಲಿ ಮೂರು ಕೊಡ ಜೇನು ಹಾಗೇ ಉಳಿದಿತ್ತು.

ಯಜಮಾನ ಇಳಿದು ಬಂದು ಉಳಿದ ಜೇನು ನೋಡಿ ಬೆರಗಾದ. "ಭಲೇ! ಈ ವರ್ಷ ಹೂವೇ ಚೆನ್ನಾಗಿ ಬಿಟ್ಟಿದೆ ಅನ್ನು. ಏನಮ್ಮಾ, ನಿನ್ನ ಕೈಗುಣ!"

ಕೋಳಿಯಮ್ಮ ಮೆಟ್ಟಿಲ ಮೇಲೆ ನಿಂತು ಅದನ್ನು ಕೇಳಿಸಿಕೊಂಡಳು. ಹಾಳು ಮಾಡಲು ತೋಡಿದ ಗುಂಡಿಯಲ್ಲೂ ಅವಳಿಗೆ ಹೊಗಳಿಕೆ ಸಿಕ್ಕಿತಲ್ಲ! ಇರಲಿ, ಹುಳಿಯಾಗಲಿ, ಆಮೇಲೆ ನೋಡೋಣ ಎಂದು ಹಲ್ಲು ಕಚ್ಚಿ ತೊಟ್ಟಿಗೆ ಹೋದಳು.

ಅದು ಹುಳಿಯಾಗಲಿಲ್ಲ.

ಜೇನುಹೆಂಡ ಸಾಮಾನ್ಯವಾಗಿ ವರ್ಷಗಟ್ಟಲೆ ಕಾಯಿಸುವ ಪದಾರ್ಥ. ದಪ್ಪ, ಸಿಹಿ, ಒಂದು ಲೋಟ ಇಳಿದರೆ ಮೊಣಕಾಲು ಮಾತು ಕೇಳುವುದಿಲ್ಲ. ಇದು ಎರಡೇ ತಿಂಗಳಿಗೆ ತಿಳಿಯಾಯಿತು. ತೆಳು, ಸ್ವಲ್ಪ ಒಗರು, ನಾಲಿಗೆಯ ಮೇಲೆ ಸಣ್ಣಗೆ ಚಿಟಿಚಿಟಿ. ಯಜಮಾನ ಮೂಗು ಮುರಿದು ಒಂದು ಪೀಪಾಯಿಯನ್ನು ಎದುರಿನ ಹೋಟೆಲಿಗೆ ತಳ್ಳಿದ. ಮೂರೇ ದಿನಕ್ಕೆ ಹೋಟೆಲಿನವನು ಏದುಸಿರು ಬಿಡುತ್ತ ಬಂದ.

"ಇನ್ನೂ ಇದೆಯಾ ಸ್ವಾಮಿ? ಜನ ಎರಡು ಲೋಟ ಕುಡೀತಾರೆ, ನೆಟ್ಟಗೆ ನಡೀತಾರೆ, ತಂತಮ್ಮ ಮನೆಗೇ ಹೋಗ್ತಾರೆ! ಹೆಂಡತಿಯರೂ ಬಯ್ತಾ ಇಲ್ಲ. ನಾಳೆ ಮತ್ತೆ ಬರ್ತಾರೆ."

ಬೇಸಿಗೆ ಮುಗಿಯುವುದರೊಳಗೆ ಎಲ್ಲ ಪೀಪಾಯಿ ಖಾಲಿ. ಪಕ್ಕದ ಊರಿನಿಂದಲೂ ಕೇಳಿಕೊಂಡು ಬಂದರು. ವಾರಗಿತ್ತಿಯ ಹೆಸರು ಬೀದಿಯ ಬಾಯಲ್ಲೆಲ್ಲ. ಯಾರೇ ಎದುರಾದರೂ ಕೋಳಿಯಮ್ಮನನ್ನು ನಿಲ್ಲಿಸಿ "ನಿಮ್ಮ ವಾರಗಿತ್ತಿ ಎಂಥಾ ಕೈ ಕಣ್ರೀ!" ಎನ್ನುವವರೇ. ಅವಳ ಸಂಕಟವನ್ನು ಊಹಿಸಿ. ಆ ಹೆಂಡ ಅವಳದು. ಒಂದೂವರೆ ತಿಂಗಳು ಬೇಸಿನ್ನಿನ ಮುಂದೆ ಕೂತವಳು ಅವಳು. ನನ್ನದು ಎಂದು ಕೂಗಬೇಕಾದರೆ ಹಾಳು ಮಾಡಲು ಹೊರಟಿದ್ದೆ ಎಂದೂ ಕೂಗಬೇಕು.

ಅತ್ತೆಗೂ ಒಂದು ಲೋಟ ಬಂತು. ಮುದುಕಿ ಒಂದು ಗುಟುಕನ್ನು ಬಾಯಲ್ಲೇ ಹೊರಳಿಸಿ ನುಂಗಿದಳು. ಆಮೇಲೆ ಪೊರೆ ಬಂದ ಕಣ್ಣನ್ನು ಹಿರಿಯ ಸೊಸೆಯ ಕಡೆ ತಿರುಗಿಸಿದಳು.

"ಆ ಮೊಟ್ಟೆ ಯಾವತ್ತಿಂದೆ?"

"ಅವತ್ತಿಂದೇ ಅತ್ತೆ."

"ಹೂಂ." ಇನ್ನೊಂದು ಗುಟುಕು. "ಚೆನ್ನಾಗಿದೆ. ನಿಂಗೂ ಒಂದು ಲೋಟ ಕೊಟ್ರಾ?"

"ಇಲ್ಲ."

"ಪಾಪ" ಎಂದಳು ಮುದುಕಿ. ಆ ಒಂದು ಶಬ್ದವನ್ನು ಕೋಳಿಯಮ್ಮ ಇವತ್ತಿಗೂ ಮರೆತಿಲ್ಲ. ಅತ್ತೆ ಮುಂದಿನ ಚಳಿಗಾಲ ತೀರಿಕೊಂಡಳು. ಯಾರಿಗೂ ಏನೂ ಹೇಳದೆ.

ಮರುವರ್ಷ ಯಜಮಾನ ಕೈ ಹೊಸೆಯುತ್ತ ಇಳಿದು ಬಂದ. "ಹೋದ ವರ್ಷದ್ದೇ ಆಗ್ಬೇಕು. ಅದೇ!" ವಾರಗಿತ್ತಿ ಎಂದಿನಂತೆ ಮೊಟ್ಟೆ ಬಿಟ್ಟಳು, ನಾಣ್ಯದಗಲಕ್ಕೆ ಕಾದಳು. ಕೋಳಿಯಮ್ಮ ಈ ಸಲ ಅಂದಿನದೇ ಮೊಟ್ಟೆ ಕೊಟ್ಟಿದ್ದಳು, ಕಸುಬಿನಲ್ಲಿ ಇನ್ನು ಯಾರೂ ಅವಳಷ್ಟು ಪ್ರಾಮಾಣಿಕರಿಲ್ಲ ಎಂಬಂತೆ. ಹೆಂಡ ದಪ್ಪವಾಯಿತು. ಹಳೆಯ ರಾಜಪೇಯ. ಹೋಟೆಲಿನವನು ಪೀಪಾಯಿ ವಾಪಸು ಕಳಿಸಿದ. ಮತ್ತೊಂದು ಹಂಡೆ, ಮತ್ತೆ ಅದೇ. ಜೇನು ಕಡಿಮೆ ಹಾಕಿ ನೋಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದೆ. ಮೊಟ್ಟೆಯ ಮಾತನ್ನು ಮೀರುವುದು ಆ ನೆಲಮಾಳಿಗೆಯಲ್ಲಿ ಯಾರ ತಲೆಗೂ ಬರುವ ಯೋಚನೆಯಾಗಿರಲಿಲ್ಲ. ಮೊಟ್ಟೆ ತೇಲುವ ಮೊದಲೇ ಸಾಕು ಎನ್ನುವುದು ಅವರ ಪಾಲಿಗೆ ಗಡಿಯಾರ ಹನ್ನೆರಡು ಹೊಡೆಯುವ ಮೊದಲೇ ಮಧ್ಯಾಹ್ನ ಎಂದ ಹಾಗೆ.

ಯಜಮಾನ ಎಲ್ಲರೆದುರು ಕೂಗಾಡಿದ. "ಗುಟ್ಟು ಬಚ್ಚಿಟ್ಟುಕೊಂಡಿದೀಯಾ! ಬೇರೆ ಕಾರ್ಖಾನೆಯವರು ಕರೆದ್ರಾ ನಿನ್ನ? ಅಥವಾ ಹೋದ ವರ್ಷದ್ದು ಬರೀ ಕುರುಡು ಅದೃಷ್ಟಾನಾ?"

ವಾರಗಿತ್ತಿ ಮೊದಲ ಸಲ ನಗಲಿಲ್ಲ. "ನಾನು ಏನೂ ಬೇರೆ ಮಾಡಿಲ್ಲ ಯಜಮಾನ್ರೇ. ಹೇಗಾಯ್ತೋ ನಂಗೇ ಗೊತ್ತಿಲ್ಲ."

ಆ ಹೊತ್ತಿಗೆ ಕೋಳಿಯಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಮುಂದೆ ಬಂದಳು. "ನಾನು ಮಾಡಿ ಕೊಡ್ತೀನಿ."

ಮಾಡಿದಳು. ಹದಿನೆಂಟು ದಿನದ ಮೊಟ್ಟೆಯನ್ನು ತನ್ನ ಕೈಯಿಂದಲೇ ಬಿಟ್ಟಳು. ಎರಡು ತಿಂಗಳಿಗೆ ಅದೇ ತಿಳಿ, ಅದೇ ಚಿಟಿಚಿಟಿ. ಬೀಗದ ಕೈ ಅವಳ ಸೊಂಟ ಸೇರಿತು. ವಾರಗಿತ್ತಿ ತೊಟ್ಟಿಗೆ ಹೋದಳು, ಕೋಳಿಯಮ್ಮ ನಿಂತಿದ್ದ ಜಾಗಕ್ಕೇ. ಗುಟ್ಟು ಬಚ್ಚಿಟ್ಟವಳು ಎಂಬ ಮಾತು ಅವಳ ಬೆನ್ನಿಗಂಟಿತು. ಮೊದಲ ಚಳಿಗೇ ಬೆರಳ ಸಂದಿ ಒಡೆಯಿತು. ಇದನ್ನು ತಮಾಷೆಯಾಗಿ ಹೇಳುವ ಹಕ್ಕು ನನಗಿಲ್ಲ. ಮೂರು ವರ್ಷ ಒಬ್ಬ ಹೆಂಗಸು ತಾನು ಮಾಡದ ತಪ್ಪಿಗೆ ಬಿಸಿನೀರಿನಲ್ಲಿ ಕೈ ಬೇಯಿಸಿಕೊಂಡಳು. ಮಾಡಿದವಳು ಮೇಲಿಂದಲ್ಲ, ಕೆಳಗಿಂದ, ಒಣ ನೆಲದಿಂದ ಅದನ್ನು ಕೇಳಿಸಿಕೊಂಡಳು.

ಕೇಳಿಸಿಕೊಂಡಳು ಎಂದೆ. ಕೊಳವೆಯಲ್ಲಿ ನೀರಿನ ಜೊತೆ ಸದ್ದೂ ಬರುತ್ತಿತ್ತು. ನೆಲಮಾಳಿಗೆಯಲ್ಲಿ ಕೋಳಿಯಮ್ಮ ಒಬ್ಬಳೇ, ಸ್ಟೂಲಿನ ಮೇಲೆ. ಗಂಡಸರು ಬೀಡಿ ಆರಿಸಿ ಎದ್ದು ನಿಲ್ಲುತ್ತಿದ್ದರು, ಆಮೇಲೆ ಹೊರಗೆ ಹೋಗುತ್ತಿದ್ದರು. ಅಷ್ಟೇ ಗೌರವ. ಮೇಲಿನಿಂದ ನಗು ಇಳಿಯುತ್ತಿತ್ತು. ವಾರಗಿತ್ತಿಯ ನಗು ಮೊದಲು, ಅದರ ಹಿಂದೆ ಹನ್ನೊಂದು ಹೆಂಗಸರದು. ಇಪ್ಪತ್ತು ವರ್ಷಕ್ಕೂ ಮೇಲೆ ಅದೇ ತೊಟ್ಟಿಯಲ್ಲಿ ತಾನಿದ್ದಾಗ ಯಾರೂ ಹೀಗೆ ನಕ್ಕಿರಲಿಲ್ಲ. ಏನು ಹೇಳುತ್ತಿದ್ದಾಳೆ ಅವಳು? ನನ್ನ ಬಗ್ಗೆಯಾ? ಕಿವಿಯನ್ನು ಕೊಳವೆಗೆ ಹಚ್ಚಿ ಕೂರುತ್ತಿದ್ದಳಂತೆ. ನೀರಿನ ಸದ್ದಿನಲ್ಲಿ ಮಾತು ಮುಳುಗಿ ನಗು ಮಾತ್ರ ತೇಲುತ್ತಿತ್ತು.

"ಸ್ಟೂಲು ಸಿಕ್ತಲ್ಲ, ಇನ್ನೂ ಯಾಕಮ್ಮ ಹೊಟ್ಟೆಕಿಚ್ಚು?" ನಾನು ಕೇಳಿದೆ.

"ಸ್ಟೂಲು ಅವಳ ಹತ್ರ ಇದ್ದಾಗ ಸ್ಟೂಲಿಗೆ ಬೆಲೆ ಇತ್ತು. ಅವಳು ತೊಟ್ಟಿಗೆ ಹೋದ್ಲು, ಬೆಲೇನೂ ತಗೊಂಡೇ ಹೋದ್ಲು, ಹಾಳಾದವಳು."

ನಾಲ್ಕನೇ ವರ್ಷ, ಎರಿ ಬರುವ ಕಾಲದ ಮೊದಲ ವಾರ. ಬೆಳಿಗ್ಗೆ ಹತ್ತು ಗಂಟೆಯಿರಬೇಕು. ನಗು ಕೊಳವೆಯಿಂದ ಬಂತು, ಎಂದಿಗಿಂತ ಜೋರಾಗಿ. ಕೋಳಿಯಮ್ಮ ಎದ್ದಳು, ಮೆಟ್ಟಿಲು ಹತ್ತಿದಳು, ಹಬೆಯೊಳಗೆ ನುಗ್ಗಿ ವಾರಗಿತ್ತಿಯ ತೊಟ್ಟಿಯ ಮುಂದೆ ನಿಂತಳು.

"ಏನು ನಗ್ತಿದೀರಾ?"

"ಏನಿಲ್ಲಕ್ಕಾ. ಇವಳ ಚಪ್ಪಲಿ ನೆಲಕ್ಕೆ ಅಂಟಿತ್ತು, ಎಳೆಯೋಕೆ ಹೋಗಿ ಇವಳೇ ಬುಟ್ಟಿ ಮೇಲೆ ಕೂತ್ಲು."

ಬರೀ ಚಪ್ಪಲಿ. ಮೂರು ವರ್ಷ ತನ್ನ ಬಗ್ಗೆ ಎಂದು ಕಿವಿ ಹಚ್ಚಿದ್ದ ನಗುವೆಲ್ಲ ಚಪ್ಪಲಿ, ಬುಟ್ಟಿ, ಕಣಜ. ಅವರ ಮಾತಿನಲ್ಲಿ ತಾನು ಇರಲೇ ಇಲ್ಲ. ಅದನ್ನು ತಡೆಯಲಾಗಲಿಲ್ಲ ಅವಳಿಗೆ. ಬಾಯಿಂದ ಎಲ್ಲ ಹೊರಬಿತ್ತು, ಹನ್ನೆರಡು ಹೆಂಗಸರ ಮುಂದೆ: ಇದ್ದಿಲಿನ ಗೆರೆ, ಬೇಸಿನ್ನು, ಸೆರಗಿನ ಕಾವು, ಹಾಳಾಗಲಿ ಎಂದು ಬಯಸಿದ್ದು.

ಪಶ್ಚಾತ್ತಾಪದಿಂದ ಹೇಳಿದ್ದಲ್ಲ ಎಂದು ಅವಳೇ ಒಪ್ಪಿಕೊಳ್ಳುತ್ತಾಳೆ. "ಅವರು ನನ್ನ ಕಡೆ ನೋಡ್ಲಿ ಅಂತ ಹೇಳಿದೆ."

ವಾರಗಿತ್ತಿಯ ಕೈಯಲ್ಲಿ ಅರ್ಧ ಹಿಸುಕಿದ ಎರಿ. ಅದನ್ನು ಪೂರ್ತಿ ಹಿಸುಕಿ, ಮೇಣವನ್ನು ಪಕ್ಕಕ್ಕಿಟ್ಟು, ಕೇಳಿದಳು:

"ಎಷ್ಟು ದಿನದ್ದು?"

"ಹದಿನೆಂಟು."

"ಬೇಸಿಗೇಲೂ ಹದಿನೆಂಟೇನಾ?"

ಕೋಳಿಯಮ್ಮ ತಬ್ಬಿಬ್ಬಾದಳು. ಅಳು, ಬೈಗುಳ, ಕೆನ್ನೆಗೆ ಏಟು, ಎಲ್ಲಕ್ಕೂ ಸಿದ್ಧವಾಗಿ ಬಂದಿದ್ದಳು. "ಬೇಸಿಗೇಲಿ ಹದಿನಾಲ್ಕು ಸಾಕು" ಎಂದಳು.

ವಾರಗಿತ್ತಿ ಕೈ ಒರೆಸಿಕೊಂಡಳು. ಚಾಚಿದಳು. "ಬೀಗದ ಕೈ ಕೊಡು. ನಾಳೆಯಿಂದ ನೀನು ಇಲ್ಲಿ. ಸೊಂಟ ನೋವು, ಮೆಟ್ಟಿಲು ಹತ್ತೋಕಾಗಲ್ಲ ಅಂತ ಯಜಮಾನ್ರ ಹತ್ರ ಹೇಳ್ಕೋ. ನನ್ನ ಜೊತೆ ಮಾತಾಡ್ಬೇಡ."

ಮಾತಾಡಲಿಲ್ಲ, ನಾಲ್ಕು ವರ್ಷ. ಅತ್ತೆ ತೀರಿದ ಮೇಲೆ ಮನೆ ಪಾಲಾಗಿತ್ತು, ನಡುವೆ ಒಂದೇ ಗೋಡೆಯ ಎರಡು ಅಡುಗೆಮನೆ. ಈ ಕಡೆ ಪಾತ್ರೆ ಬಿದ್ದರೆ ಆ ಕಡೆ ಕೇಳುತ್ತಿತ್ತು. ಕೋಳಿಯಮ್ಮ ಹದಿನೆಂಟು ದಿನದ ಮೊಟ್ಟೆಯನ್ನು ಗೆರೆ ಎಳೆದು ಹೊಸ್ತಿಲಲ್ಲಿಟ್ಟು ಬರುತ್ತಿದ್ದಳು. ವಾರಗಿತ್ತಿ ಅದನ್ನು ಕಿವಿಯ ಬಳಿ ಹಿಡಿದು, ಇಡೀ ಬೀದಿಗೆ ಕಾಣುವ ಹಾಗೆ ಅಲ್ಲಾಡಿಸಿ, ಒಳಗೊಯ್ಯುತ್ತಿದ್ದಳು. ಕ್ಷಮಿಸಿದಳು ಎಂದು ಬರೆದರೆ ಓದುವವರಿಗೆ ಹಿತವಾಗಿರುತ್ತದೆ. ಕ್ಷಮಿಸಲಿಲ್ಲ. ಯಾಕೆ ಕ್ಷಮಿಸಬೇಕು?

ಆಮೇಲೆ ಗಾಜಿನ ತೇಲುಕಡ್ಡಿ ಬಂತು. ಮೈಮೇಲೆ ಅಂಕಿ ಬರೆದ ಸಣ್ಣ ಕೊಳವೆ. ಹಂಡೆಗೆ ಬಿಟ್ಟರೆ ಎಷ್ಟು ಜೇನಿದೆ ಎಂದು ಅದೇ ಹೇಳುತ್ತದೆ. ವಾರಗಿತ್ತಿ "ಸಾಕು" ಎಂದ ಹಂಡೆಗೆ ಯಜಮಾನ ಅದನ್ನು ಒಂದು ಸಲ ಬಿಟ್ಟು, ಅಂಕಿ ಬರೆದುಕೊಂಡ. ಎರಡು ಹೆಂಗಸರ ಹತ್ತು ವರ್ಷದ ಯುದ್ಧ ಒಂದು ಅಂಕಿಯಾಗಿ ಅವನ ಜೇಬು ಸೇರಿತು. ಸ್ಟೂಲನ್ನು ಹೊರಗೆ ಹಾಕಿದರು. ಇಬ್ಬರೂ ಒಂದೇ ತೊಟ್ಟಿಯ ಆಚೆ ಈಚೆ ನಿಂತರು. ನಾಲ್ಕು ವರ್ಷದ ಮೇಲೆ ವಾರಗಿತ್ತಿ ಆಡಿದ ಮೊದಲ ಮಾತು: "ನೀರು ಆರಿದೆ. ಬಿಸಿ ಹಾಕು." ಕೋಳಿಯಮ್ಮ ಹಾಕಿದಳು.

ಈ ವರ್ಷ ಯಜಮಾನನ ಮೊಮ್ಮಗ ಅಂಗಣದ ತೊಟ್ಟಿಗಳನ್ನು ಕಿತ್ತು ಅಲ್ಲಿ ಗಾಜಿನ ಬಾಗಿಲಿನ ಅಂಗಡಿ ತೆರೆದ. ಅಂದು ಪತ್ರಿಕೆಯವರಿಗೂ ಕರೆಯಿತ್ತು, ಹಾಗಾಗಿ ನಾನಿದ್ದೆ. ಹಳೆಯ ಕೆಲಸಗಾರರೆಂದು ಇಬ್ಬರು ಮುದುಕಿಯರನ್ನು ಫೋಟೋಕ್ಕೆ ನಿಲ್ಲಿಸಲು ಕರೆತಂದಿದ್ದರು. ಗೋಡೆಯ ಮೇಲೆ ದೊಡ್ಡ ಫಲಕ: ಜೇನಿನ ಮದ್ಯದ ಚರಿತ್ರೆ. ರಾಜರು, ದೇವತೆಗಳು, ಕೊಂಬಿನ ಬಟ್ಟಲು ಎಲ್ಲ ಮುಗಿದು ಕೊನೆಯ ಸಾಲು: "ನಮ್ಮ ಪ್ರಸಿದ್ಧ ತಿಳಿಪೇಯವನ್ನು ನಮ್ಮ ಅಜ್ಜನವರು ಒಂದು ವರ್ಷ ಆಕಸ್ಮಿಕವಾಗಿ ಕಂಡುಹಿಡಿದರು."

ಕೋಳಿಯಮ್ಮ ಕನ್ನಡಕ ಏರಿಸಿ ಅದನ್ನು ಎರಡು ಸಲ ಓದಿದಳು.

"ಯಾರಪ್ಪಾ ಬರೆದಿದ್ದು ಇದನ್ನ?" ಅವಳು ದನಿ ಎತ್ತಿದಳು. "ನಿಮ್ಮಜ್ಜ ಮೊಟ್ಟೆ ತಿಂದಿದ್ದು ನೋಡಿದೀನಿ, ಹಿಡಿದಿದ್ದು ನೋಡಿಲ್ಲ. ಮತ್ತೆ ಆಕಸ್ಮಿಕ ಅಂತೆ, ಆಕಸ್ಮಿಕ! ಒಂದೂವರೆ ತಿಂಗಳು ಕೂತು ಲೆಕ್ಕ ಹಾಕಿದೀನಿ. ಬೇಕಂತಲೇ ಮಾಡಿದ್ದು. ಇವಳನ್ನ ಹಾಳು ಮಾಡೋಕೆ ಮಾಡಿದ್ದು."

ಮೊಮ್ಮಗ ಅತಿಥಿಗಳ ಕಡೆ ತಿರುಗಿ ಹಲ್ಲು ಕಿರಿದ. "ಅಜ್ಜಿಗೆ ತಮಾಷೆ ಜಾಸ್ತಿ. ಬನ್ನಿ ಬನ್ನಿ, ಫೋಟೋ."

ಜನ ನಕ್ಕರು. ಕೋಳಿಯಮ್ಮ ಸುತ್ತ ನೋಡಿದಳು. ಆ ಮಾತಿಗೆ ಸಾಕ್ಷಿ ಹೇಳಬಲ್ಲವರು ಭೂಮಿಯ ಮೇಲೆ ಒಬ್ಬರೇ ಉಳಿದಿದ್ದರು. ಅವರಿಗೆ ಹೇಳಬೇಕಾದ ಯಾವ ಹಂಗೂ ಇರಲಿಲ್ಲ. ಸುಮ್ಮನಿದ್ದುಬಿಟ್ಟರೆ ಅಷ್ಟು ವರ್ಷದ ಬಾಕಿ ಸಲೀಸಾಗಿ ತೀರುತ್ತಿತ್ತು.

"ತಮಾಷೆ ಅಲ್ಲ ಕಣಪ್ಪ" ಎಂದಳು ವಾರಗಿತ್ತಿ. ನಗುತ್ತಲೇ ಹೇಳಿದಳು, ಆದರೆ ಎಲ್ಲರ ನಗು ನಿಂತಿತು. "ಹಾಳಾದವಳು ನಾನೇ. ಇಲ್ಲೇ ನಿಂತಿದೀನಿ, ಏನು ಬೇಕೋ ಕೇಳಿ. ಇವಳು ಕೆಟ್ಟವಳು, ಅದು ಬೇರೆ ಮಾತು. ಆದ್ರೆ ಆ ಹೆಂಡ ಇವಳದು. ಬರೆಯೋದಾದ್ರೆ ಎರಡನ್ನೂ ಬರೀರಿ."

ಫಲಕ ಇನ್ನೂ ಹಾಗೇ ಇದೆ. ಅದಕ್ಕೇ ಈ ಲೇಖನ. ವಾರದ ನಂತರ ಕೋಳಿಯಮ್ಮನ ಅಡುಗೆಮನೆಯಲ್ಲಿ ಕೂತು, ಅವತ್ತು ವಾರಗಿತ್ತಿಯ ಮಾತು ಕೇಳಿ ಏನನ್ನಿಸಿತು ಎಂದೆ. ಕಣ್ಣು ತುಂಬಿಕೊಳ್ಳಬಹುದು ಎಂದುಕೊಂಡಿದ್ದೆ, ನನ್ನ ದಡ್ಡತನ. ಅವಳು ಗೋಡೆಯ ಆಚೆಗೆ ಕೇಳದ ಹಾಗೆ ದನಿ ತಗ್ಗಿಸಿದಳು.

"ಎಲ್ಲಾ ಅವಳನ್ನೇ ನೋಡ್ತಿದ್ರು ಕಣಪ್ಪ. ನಾನು ಅಷ್ಟು ಕೂಗಿದ್ರೂ ನಕ್ಕರು. ಅವಳು ನಾಲ್ಕು ಮಾತು ಆಡಿದ್ಲು, ಎಲ್ಲರ ಬಾಯಿ ಮುಚ್ಚಿತು. ನಂಗೆ ಯಾಕೆ ಹಾಗೆ ಹೇಳೋಕೆ ಬರಲ್ಲ?"